ಬೆರೆಂಗೇಲಾಗೆ ಅವನು ಏನಾಗಬೇಕು

ಆ ಫ್ಯಾನ್ ಸ್ವಲ್ಪ ಕಡಿಮೆ ಮಾಡಿ. ಇದನ್ನ ಜೋರಾಗಿ ಹೇಳೋಕೆ ನಂಗಾಗಲ್ಲ… ಕಿರಣ, ಕಾರಿಡಾರಿನ ಲೈಟ್ ಮಾತ್ರ ಇರಲಿ ಬಿಡು.

ಮೆಲಾಕಾದಲ್ಲಿ ಆಗಿದ್ದು. ನನ್ನ ದೊಡ್ಡಮ್ಮನ ಮಗ ರಮಾನಂದ, ಅಲ್ಲಿ ಮೆಡಿಕಲ್ ಕಾಲೇಜಲ್ಲಿ ಜೆನೆಟಿಕ್ಸ್ ಪಾಠ ಮಾಡ್ತಾನೆ… ಅವನಿಗೆ ಆಗಿದ್ದು. ನಾನು ಅವನನ್ನ ಅಣ್ಣ ಅಂತೀನಿ.

ಅವತ್ತು ಪರೀಕ್ಷೆ ಪೇಪರ್ ತಿದ್ದಿ ತಡವಾಗಿತ್ತಂತೆ. ಕಾರು ರಿಪೇರಿಗೆ ಹೋಗಿತ್ತು. ಮಾಮಕ್ ಅಂಗಡೀಲಿ, ಅಂದ್ರೆ ಅಲ್ಲಿನ ತಮಿಳು ಮುಸ್ಲಿಮರ ಹೋಟ್ಲಲ್ಲಿ, ರೊಟ್ಟಿ ಪಾರ್ಸಲ್ ಕಟ್ಟಿಸ್ಕೊಂಡು, ಪ್ಲಾಸ್ಟಿಕ್ ಚೀಲ ಬೆರಳಿಗೆ ಸಿಕ್ಕಿಸ್ಕೊಂಡು, ಹಿಂದಿನ ದಾರೀಲಿ ನಡ್ಕೊಂಡು ಬರ್ತಿದ್ದ. ಅವರ ಬಡಾವಣೆ ಹಿಂದೆ ಒಂದು ಪಾಳು ಬಿದ್ದ ಹಣ್ಣಿನ ತೋಟ ಇದೆ. ತೋಟದ ಮೂಲೇಲಿ ಬಾವಿ. ಮೇಲೆ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ. ಪಕ್ಕದಲ್ಲೇ ಆಲದ ಮರ, ಅದರ ಬುಡದಲ್ಲಿ ಚೀನೀಯರು ಇಟ್ಟ ಪುಟ್ಟ ಕೆಂಪು ಗುಡಿ. ಹಗಲು ಹೊತ್ತು ನಾನೂ ಅಲ್ಲಿ ಓಡಾಡಿದೀನಿ. ಏನೂ ಇಲ್ಲ. ಒಣಗಿದ ಎಲೆ, ಉರಿದು ಮುಗಿದ ಊದುಕಡ್ಡಿ, ಅಷ್ಟೆ.

ಮರದ ಹತ್ರ ಬಂದ. ಜೀರುಂಡೆ ಕಿರ್ರ್ ಅಂತಿದ್ದವು… ಒಟ್ಟಿಗೇ ನಿಂತು ಹೋದವು.

ಆಗ ಕೇಳಿಸ್ತು. ಚರ್ರ್…

ಬಟ್ಟೆ ಹರಿದ ಶಬ್ದ ಅಲ್ಲ. ಒಣಗಿದ ಎಲೆ ಮೇಲೆ ಏನೋ ಹರಿದ ಶಬ್ದಾನೂ ಅಲ್ಲ. ವೆಲ್ಕ್ರೋ ಪಟ್ಟಿ ಬಿಚ್ಚಿದ ಶಬ್ದ. ಚರ್ರ್… ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಚರ್ರ್… ಬಾವಿ ಮುಚ್ಚಳದ ಕಡೆಯಿಂದ.

ಅಣ್ಣ ಅಲ್ಲೇ ನಿಂತ. ಆ ಶಬ್ದ ಅವನಿಗೆ ಗೊತ್ತು. ಯಾರದ್ದು ಅಂತಲೂ ಗೊತ್ತು.

ಇದು ನಿಮಗೆ ಅರ್ಥ ಆಗ್ಬೇಕಾದ್ರೆ ನಮ್ಮ ಮನೆ ಸಂಬಂಧ ಸ್ವಲ್ಪ ಹೇಳ್ಬೇಕು. ಅಣ್ಣನ ಸ್ವಂತ ಅಕ್ಕ ದೇವಕಿ. ಆ ದೇವಕಿ ಅಕ್ಕನ ಮಗಳು ತೃಪ್ತಿ. ಅವಳನ್ನೇ ಅಣ್ಣನಿಗೆ ಕೊಟ್ಟಿದ್ದು. ನಮ್ಮ ತಿಪಟೂರು ಕಡೆ ಇದೇನು ಹೊಸದಲ್ಲ. ಸೋದರಮಾವ ಇದ್ದಾಗ ಹೊರಗೆ ಯಾಕೆ ಹುಡುಕ್ಬೇಕು ಅಂತಾರೆ. ತೃಪ್ತಿ ಮಾತು ಕಲಿತಾಗಿಂದ ಅವನನ್ನ "ಮಾವ, ಮಾವ" ಅಂತ ಬೆನ್ನು ಬಿಡದೆ ತಿರುಗಿದವಳು. ಧಾರೆ ಆದ ದಿನ ನಮ್ಮಜ್ಜಿ ಅವಳನ್ನ ಒಳಗೆ ಕರೆದು ಹೇಳಿದ್ರು, "ಇನ್ಮೇಲೆ ಮಾವ ಅನ್ಬೇಡ ಕಣೆ, ಗಂಡ ಅವನು. ರೀ ಅನ್ನು." ಅವತ್ತಿಂದ ಅವಳು ಮಾವ ಅಂದಿದ್ದು ನಾನು ಕೇಳಿಲ್ಲ.

ಅಣ್ಣ ಮಣಿಪಾಲದಲ್ಲಿ ಪಾಠ ಮಾಡ್ತಿದ್ದವನು ಮೆಲಾಕಾಗೆ ಬಂದ. ತೃಪ್ತಿಗೂ ಅದೇ ಕಾಲೇಜಲ್ಲಿ ಕೆಲಸ ಸಿಕ್ತು. ಅಣ್ಣಂದು ಒಂದು ಪಾಠ ಅಲ್ಲಿ ಹುಡುಗರಿಗೆಲ್ಲ ಬಹಳ ಇಷ್ಟ. ಸ್ಪೇನ್ ದೇಶದ ಹಳೇ ರಾಜರ ವಂಶವೃಕ್ಷ ಬೋರ್ಡ್ ಮೇಲೆ ಬರೀತಿದ್ದ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ರಕ್ತಸಂಬಂಧದಲ್ಲಿ ಮದುವೆ ಆದರೆ ನಡುವೆ ಜೋಡಿ ಗೆರೆ. ಲಿಯೋನ್, ಕ್ಯಾಸ್ಟೈಲ್, ನವಾರ್… ಬೋರ್ಡ್ ತುಂಬ ಜೋಡಿ ಗೆರೆಯೇ. ಮಗಳನ್ನ ಕೊಟ್ಟು ಗಡಿ ಉಳಿಸ್ಕೊಳ್ಳೋದು, ಸೊಸೆ ತಂದು ಯುದ್ಧ ನಿಲ್ಲಿಸೋದು. ಎಲ್ಲರೂ ಎಲ್ಲರಿಗೂ ಏನೋ ಆಗ್ಬೇಕು.

ಅದರಲ್ಲಿ ಒಂದು ಜೋಡಿ ಕತೆ ಅವನು ಮನೇಲೂ ಹೇಳ್ತಿದ್ದ. ಎಂಟುನೂರು ವರ್ಷದ ಹಿಂದೆ ಲಿಯೋನಿಗೂ ಒಬ್ಬ ಅಲ್ಫೊನ್ಸೊ ರಾಜ, ಕ್ಯಾಸ್ಟೈಲಿಗೂ ಒಬ್ಬ ಅಲ್ಫೊನ್ಸೊ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಆದ್ರೂ ಕಿತ್ತಾಟ. ಕಿತ್ತಾಟ ನಿಲ್ಲಲಿ ಅಂತ ಕ್ಯಾಸ್ಟೈಲಿನವನು ತನ್ನ ಮಗಳು ಬೆರೆಂಗೇಲಾನ ಲಿಯೋನಿನವನಿಗೆ ಕೊಟ್ಟ. ನಮ್ಮ ಲೆಕ್ಕದಲ್ಲಿ ಅವನು ಅವಳಿಗೆ ಚಿಕ್ಕಪ್ಪ.

ತೃಪ್ತಿ ಮೊದಲ ಸಲ ಕೇಳಿದಾಗ ಮುಖ ಸಿಂಡರಿಸಿದ್ಲು. "ಥೂ. ಚಿಕ್ಕಪ್ಪನ್ನ ಯಾರಾದ್ರೂ ಕಟ್ಕೋತಾರಾ?"

"ಮಾವನ್ನ ಕಟ್ಕೋಬಹುದಾ?" ಅಂದ ಅಣ್ಣ.

"ಮಾವ ಬೇರೆ."

"ನಿಂಗೆ ಬೇರೆ. ರೋಮಲ್ಲಿದ್ದ ಪೋಪ್‌ಗೆ ಎರಡೂ ಒಂದೇ. ಜೀನ್‌ಗೂ ಎರಡೂ ಒಂದೇ," ಅಂತ ನಕ್ಕಿದ್ದ. ನಾನೂ ನಕ್ಕಿದ್ದೆ. ಅವರ ಮನೆ ಸೋಫಾದಲ್ಲೇ ಕೂತಿದ್ದೆ.

ಆಮೇಲೆ ಪೂರ್ವಿ ಹುಟ್ಟಿದ್ಲು.

ಮೆಲಾಕಾದಲ್ಲೇ ಬೆಳೆದ ಮಗು. ಕನ್ನಡ ಎಲ್ಲ ತಿಳೀತಿತ್ತು, ಉತ್ತರ ಮಾತ್ರ ಇಂಗ್ಲಿಷಲ್ಲಿ. ಆದ್ರೆ ಸಂಬಂಧದ ಮಾತು ಬಂದ್ರೆ ಕನ್ನಡಾನೇ. ಅಂಕಲ್ ಅಂದ್ರೆ ಯಾವ ಅಂಕಲ್ ಅಂತ ಗೊತ್ತಾಗಲ್ಲ ನೋಡಿ. ಮಲಗೋಕೆ ಮುಂಚೆ ಅಪ್ಪನ ಹತ್ರ ರಾಜರ ಕತೆ ಹೇಳಿಸ್ಕೊಳ್ಳೋದು, ಪ್ರತಿ ಹೆಸರಿಗೂ ನಿಲ್ಲಿಸಿ ಕೇಳೋದು, "ಅವಳಿಗೆ ಅವನು ಏನಾಗ್ಬೇಕು?" ಒಂದ್ಸಲ ತಾನೇ ಲೆಕ್ಕ ಹಾಕಿ, ಅಲ್ಲಿನವರ ಹಾಗೆ ಕೊನೇಲಿ ಲಾ ಸೇರಿಸಿ ಹೇಳಿತ್ತು, "ಅಪ್ಪ ಅಮ್ಮಂಗೆ ಮಾವ. ಸೋ ನಂಗೆ ಅಜ್ಜ ಲಾ." ಮನೆ ಮಂದಿಗೆಲ್ಲ ಫೋನ್ ಮಾಡಿ ಹೇಳಿ ನಗಾಡಿದ್ವಿ.

ನಾಲ್ಕು ತುಂಬೋ ಹೊತ್ತಿಗೆ ಮಗು ನಡೀತಾ ನಡೀತಾ ಬೀಳೋಕೆ ಶುರುವಾಯ್ತು. ಅಣ್ಣ ಅವಳು ಬಿದ್ದದ್ದನ್ನ ಮೂರ್ನಾಲ್ಕು ಸಲ ನೋಡಿದ. ಅಷ್ಟೇ… ಟೆಸ್ಟ್ ಬರೋಕೆ ಮುಂಚೇನೇ ಅವನಿಗೆ ಗೊತ್ತಾಗಿತ್ತು ಅನ್ಸತ್ತೆ. ನರಗಳ ಮೇಲಿನ ಹೊದಿಕೆ ಸವೆದು ಹೋಗೋ ಕಾಯಿಲೆ. ಒಬ್ಬರಲ್ಲಿ ಇದ್ರೆ ಏನೂ ಆಗಲ್ಲ. ಇಬ್ಬರಲ್ಲೂ ಅದೇ ತಪ್ಪು ಇದ್ದು, ಎರಡೂ ಮಗೂಗೆ ಸಿಕ್ಕಿದ್ರೆ ಬರತ್ತೆ. ಒಂದೇ ಕಡೆಯಿಂದ ಇಬ್ಬರಿಗೂ ಬಂದಿತ್ತು. ನಮ್ಮಜ್ಜಿಯಿಂದ.

ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದ್ರು, ಪಾದದಿಂದ ಮೊಣಕಾಲ ಕೆಳಗಿನವರೆಗೆ, ವೆಲ್ಕ್ರೋ ಹಾಕಿ ಬಿಗಿಯೋದು. ರಾತ್ರಿ ಕತೆಗೆ ಮುಂಚೆ ಅದನ್ನ ಬಿಚ್ಚೋದು ಅಣ್ಣನ ಕೆಲಸ. ಚರ್ರ್… ಚರ್ರ್… ಆಮೇಲೆ ಮಾತು ಹೋಯ್ತು ಮಗೂದು. ಒಂದೊಂದೇ ಪದ. ಕೊನೇಗೆ ಉಳಿದಿದ್ದು "ಏನಾಗ್ಬೇಕು" ಅಂತ ದೇವಕಿ ಅಕ್ಕ ಹೇಳ್ತಾಳೆ, ತೃಪ್ತಿ ಮಾತ್ರ, ಅದಲ್ಲ, "ಅಪ್ಪ" ಅಂತಾಳೆ. ನಂಗೆ ಗೊತ್ತಿಲ್ಲ. ಮಾತು ಹೋದ ಮೇಲೂ ಅಣ್ಣ ಪಕ್ಕದಲ್ಲಿ ಕೂತು ಕತೆ ಹೇಳ್ತಿದ್ದ. ಒಂದಿನ ಮಗು ಹೋಯ್ತು.

ಈಗ ಬಾವಿ ಹತ್ರ ಬನ್ನಿ.

ಅಣ್ಣ ನಿಂತಿದಾನೆ. ಓಡಲಿಲ್ಲ. ಯಾಕೆ ಓಡ್ತಾನೆ ಹೇಳಿ.

"ಅಪ್ಪಾ…"

ಪಿಸುದನಿ. ಆದ್ರೆ ಸ್ಪಷ್ಟ. ಕಾಯಿಲೆ ಬರೋಕೆ ಮುಂಚಿನ ದನಿ.

ಅವನ ಬಾಯಿಂದ ಬಂದಿದ್ದು ಒಂದೇ, "ಏನು ಪುಟ್ಟಾ."

"ದೊಡ್ಡೋಳ ಹೆಸರು ಹೇಳಿಲ್ಲ ನೀನು."

ಚೀಲ ಕೈಯಿಂದ ಜಾರಿ ಬಿತ್ತಂತೆ.

ವಿಷಯ ಏನಂದ್ರೆ, ಬೆರೆಂಗೇಲಾಗೆ ಐದು ಮಕ್ಕಳು. ಅಣ್ಣ ಪೂರ್ವಿಗೆ ಹೇಳುವಾಗ ನಾಲ್ಕೇ ಅಂತ ಹೇಳಿದ್ದ. ಎಲ್ಲರಿಗಿಂತ ದೊಡ್ಡೋಳು ಲಿಯೊನೋರ್ ಅಂತ ಇದ್ಲು, ಚಿಕ್ಕವಳಿರುವಾಗಲೇ ತೀರ್ಕೊಂಡಿದ್ಲು. ಮಲಗಿದ ಮಗೂಗೆ ಅದನ್ನ ಹೇಗೆ ಹೇಳೋದು ಅಂತ ಬಿಟ್ಟಿದ್ದ. ಬಿಟ್ಟಿದ್ದೀನಿ ಅಂತ ತೃಪ್ತಿಗೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಲಿಯೊನೋರ್," ಅಂದ.

"ಅವಳು ಎಲ್ಲಿ?"

"…ಚಿಕ್ಕವಳಿದ್ದಾಗಲೇ ಹೋದ್ಲು, ಪುಟ್ಟಾ."

ಆಮೇಲೆ ವೆಲ್ಕ್ರೋ ಮತ್ತೆ ಅಂಟಿಸಿದ ಹಾಗೆ, ಟಪ್… ಟಪ್… ಜೀರುಂಡೆ ಮತ್ತೆ ಶುರುವಾದವು.

ಮನೆಗೆ ಬಂದು ಅವನು ಆಗ ಯಾರಿಗೂ ಹೇಳಲಿಲ್ಲ, ನಂಗೆ ಹೇಳಿದ್ದೂ ಎಷ್ಟೋ ಆಮೇಲೆ. ಹೇಳೋಕೆ ಯಾರಿದ್ರು? ಮಗು ಹೋದ ಮೇಲೆ ಆ ಮನೇಲಿ ಮಾತು ಇರಲಿಲ್ಲ. ಜಗಳಾನೂ ಇಲ್ಲ, ಅದೇ ಕಷ್ಟ. ತೃಪ್ತಿ ಕೆಲಸ ಬಿಟ್ಟಿದ್ಲು. ಅವನ ಮುಖ ನೋಡಿದ್ರೆ ಅವಳಿಗೆ ಮಗೂದೇ ಮುಖ ಕಾಣ್ತಿತ್ತಂತೆ. ಅವನಿಗೂ ಹಾಗೇ. ಅದೇ ಹಣೆ, ಅದೇ ಕಿವಿ. ಒಂದೇ ಮನೆತನದ ಇಬ್ಬರು ಅಲ್ವಾ, ಎಲ್ಲಿ ತಿರುಗಿದ್ರೂ ಅದೇ. ತಿಪಟೂರಲ್ಲಿ ದೇವಕಿ ಅಕ್ಕ ಫೋನ್ ಮಾಡೋದೇ ಬಿಟ್ಟಿದ್ಲು. ಮಗಳಿಗೆ ಸಮಾಧಾನ ಹೇಳಿದ್ರೆ ತಮ್ಮನ್ನ ಬೈದ ಹಾಗೆ, ತಮ್ಮನಿಗೆ ಹೇಳಿದ್ರೆ ಮಗಳನ್ನ. "ಕೊಟ್ಟವಳು ನಾನೇ," ಅಂತ ಒಂದ್ಸಲ ನನ್ನ ಹತ್ರ ಅಂದಿದ್ಲು. ಮತ್ತೆ ಆ ಮಾತು ಎತ್ತಲಿಲ್ಲ.

ಕೊನೇಗೆ ತೃಪ್ತಿನೇ ಹೇಳಿದ್ಲು, ನಾನು ಊರಿಗೆ ಹೋಗ್ತೀನಿ, ವಾಪಸ್ ಬರಲ್ಲ, ಬಿಡಿಸ್ಕೊಂಡುಬಿಡೋಣ ಅಂತ. ಅಣ್ಣ ಆಯ್ತು ಅಂದ. ಟಿಕೆಟ್ ಆಯ್ತು. ಸಾಮಾನು ಕಟ್ಟೋಕೆ ನಾನು, ನಾನಿದ್ದ ಪೆಟಾಲಿಂಗ್ ಜಯಾದಿಂದ, ಬಸ್ ಹತ್ತಿ ಹೋದೆ.

ಹೋದ ದಿನವೇ ಪಕ್ಕದ ಮನೆ ತಮಿಳು ಅಜ್ಜಿ, ತುಳಸಿಯಮ್ಮ, ಬೇಲಿ ಹತ್ರ ನನ್ನ ಕರೆದ್ರು. ದನಿ ತಗ್ಗಿಸಿ ಹೇಳಿದ್ರು, "ನಿಮ್ಮ ಅಣ್ಣ ದಿನಾ ರಾತ್ರಿ ಆ ಬಾವಿ ಕಟ್ಟೆ ಮೇಲೆ ಕೂತು ಮಾತಾಡ್ತಾರೆ. ಒಬ್ಬರೇ. ಅಲ್ಲಿ ಕೂರಬಾರದು ಅಂತ ಹೇಳಮ್ಮಾ."

ಒಳಗೆ ಬಂದು ತೃಪ್ತಿಗೆ ಹೇಳಿದೆ. ಅವಳು ಸೂಟ್‌ಕೇಸಿಗೆ ಸೀರೆ ಮಡಚಿಡ್ತಿದ್ಲು. "ಗೊತ್ತು," ಅಂದ್ಲು. "ಕಾಲು ತುಂಬಾ ಸೊಳ್ಳೆ ಕಚ್ಚಿಸ್ಕೊಂಡು ಬರ್ತಾರೆ. ಎಲ್ಲಿಗೆ ಅಂತ ಕೇಳೋ ಹಕ್ಕು ನಂಗೇನಿದೆ ಈಗ."

ಅವಳು ಹೊರಡೋ ಹಿಂದಿನ ರಾತ್ರಿ. ಊಟ ಆಯ್ತು. ಹತ್ತಿರದ ಸುರಾವಿನಿಂದ, ಅಂದ್ರೆ ಸಣ್ಣ ಮಸೀದಿಯಿಂದ, ಕಡೇ ಪ್ರಾರ್ಥನೆ ಕೇಳಿಸಿ ನಿಂತಿತ್ತು. ಅಣ್ಣ ಎದ್ದು ಹೊರಗೆ ಹೋದ. ತೃಪ್ತಿ ನನ್ನ ಕೈ ಹಿಡ್ಕೊಂಡ್ಲು, "ಮಹಾಲಕ್ಷ್ಮಿ, ಬಾ."

ಟಾರ್ಚ್ ಹಾಕಲಿಲ್ಲ. ಗೋಡೆ ಪಕ್ಕ ಪಕ್ಕ ಹೋದ್ವಿ. ಆಲದ ಬಿಳಲುಗಳ ಈ ಕಡೆ ನಿಂತ್ವಿ. ಅಣ್ಣ ಬಾವಿ ಕಟ್ಟೆ ಮೇಲೆ ಕೂತಿದ್ದ, ಬೆನ್ನು ನಮ್ಮ ಕಡೆ. ಪಿಸುಗುಟ್ತಿದ್ದ. ಕಿವಿ ಕೊಟ್ಟು ಕೇಳಿದೆ… ರಾಜರ ಕತೆ.

"…ಪೋಪ್ ಒಪ್ಪಲಿಲ್ಲ. ನೀವಿಬ್ಬರೂ ರಕ್ತಸಂಬಂಧಿಗಳು, ಇದು ಮದುವೆಯೇ ಅಲ್ಲ ಅಂದ. ಅದಕ್ಕೆ ಬೆರೆಂಗೇಲಾ ಗಂಡನ ಮನೆ ಬಿಟ್ಟು ಅಪ್ಪನ ಊರಿಗೆ ಹೋದ್ಲು… ಇಲ್ಲ, ಮತ್ತೆ ಮದುವೆ ಆಗಲಿಲ್ಲ… ಆಮೇಲಾ? ಆಮೇಲೆ ಅವಳ ತಮ್ಮ ರಾಜ ಆದ. ಆಟ ಆಡ್ತಿದ್ದಾಗ ತಲೆ ಮೇಲೆ ಹೆಂಚು ಬಿದ್ದು ಸತ್ತ. ಆ ಸುದ್ದೀನ ಅವಳು ಗಂಡನಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟು, ಅವನ ಹತ್ರ ಇದ್ದ ಮಗ ಫರ್ನಾಂಡೊನ ಕರೆಸ್ಕೊಂಡು, ಅವನನ್ನ ರಾಜ ಮಾಡಿದ್ಲು… ಹೂಂ. ತಾನು ಕೂರಲಿಲ್ಲ, ಮಗನ್ನ ಕೂರಿಸಿದ್ಲು."

ನಡುನಡುವೆ ನಿಲ್ಲಿಸ್ತಿದ್ದ. ಯಾರೋ ಏನೋ ಕೇಳಿದ ಹಾಗೆ. ನಂಗೆ ಆ ಕಡೆಯದು ಏನೂ ಕೇಳಿಸ್ತಿರಲಿಲ್ಲ. ಅಯ್ಯೋ ಪಾಪ, ತಲೆ ಕೆಟ್ಟಿದೆ ಅಂದ್ಕೊಂಡೆ. ನಿಜ ಹೇಳ್ತೀನಿ, ಹಾಗೇ ಅಂದ್ಕೊಂಡೆ.

ಆಗ… ಜೀರುಂಡೆ ನಿಂತವು.

ಚರ್ರ್…

ಇದು ನಂಗೂ ಕೇಳಿಸ್ತು. ಅಲ್ಲೇ, ಅವನ ಮಗ್ಗುಲಲ್ಲಿ. ಅಣ್ಣನ ಎರಡೂ ಕೈ ಮಂಡಿ ಮೇಲಿತ್ತು, ನಾನು ನೋಡ್ತಿದ್ದೆ. ಚರ್ರ್… ಇನ್ನೊಂದು.

ತೃಪ್ತಿ ಉಗುರು ನನ್ನ ಮೊಣಕೈಗೆ ನೆಟ್ಟಿತು. "ಕೇಳಿಸ್ತಾ?" ಅಂದ್ಲು ಉಸಿರಲ್ಲೇ.

"ವೆಲ್ಕ್ರೋ…"

"ಅದಲ್ಲ. ಮಾತು."

ನಾನು ಇಲ್ಲ ಅಂತ ತಲೆ ಆಡಿಸಿದೆ. ಅವಳು ನನ್ನ ಕಿವಿಗೆ ಬಾಯಿಟ್ಟು ಹೇಳಿದ್ಲು, "'ಆಮೇಲೆ ಬೆರೆಂಗೇಲಾಗೆ ಅವನು ಏನಾಗ್ಬೇಕು' ಅಂತಿದಾಳೆ. 'ಮದುವೆ ಹೋದ್ಮೇಲೆ' ಅಂತ."

ಅಣ್ಣ ಹೇಳಿದ್ದು ನಾನೇ ಕೇಳಿದೆ. "ಚಿಕ್ಕಪ್ಪ ಆಗ್ಬೇಕು, ಪುಟ್ಟಾ. ಅದು ಹೋಗಲ್ಲ."

ಒಂದು ಎಲೆ ಬಿದ್ದಿದ್ದೂ ಕೇಳಿಸ್ತಿತ್ತು.

ತೃಪ್ತಿ ಮತ್ತೆ ನನ್ನ ಕಿವಿಗೆ ಬಾಯಿಟ್ಟಳು. "'ಅಮ್ಮ ನಿಂಗೆ?' ಅಂತಿದಾಳೆ…"

"ಅಕ್ಕನ ಮಗಳು," ಅಂದ ಅಣ್ಣ. ಆಮೇಲೆ, "ಹೆಂಡತಿ."

"'ನಾಳೆ ಆದ್ಮೇಲೆ?' ಅಂತ…" ತೃಪ್ತಿ ದನಿ ಅಲ್ಲಿಗೆ ಒಡೀತು.

ಅಣ್ಣ ತಲೆ ಬಗ್ಗಿಸಿದ. ಹೆಗಲು ಮಾತ್ರ ಅಲ್ಲಾಡ್ತಿತ್ತು. "ಗೊತ್ತಿಲ್ಲ ಕಂದಾ," ಅಂದ. "ನಂಗೊತ್ತಿಲ್ಲ." ಅವನು ಮಗೂನ ಸುಡೋವಾಗಲೂ ಅತ್ತಿರಲಿಲ್ಲ, ನಾನಿದ್ದೆ ಅಲ್ಲಿ.

ತೃಪ್ತಿ ನನ್ನ ಕೈ ಬಿಟ್ಟಳು. ಬಿಳಲು ಸರಿಸಿ ಮುಂದೆ ಹೋದ್ಲು. ಎಲೆ ಕರಕರ ಅಂತು. ಅಣ್ಣ ತಿರುಗಲಿಲ್ಲ. ಅವಳು ಅವನ ಹಿಂದೆ ನಿಂತು, ಮೆಲ್ಲಗೆ, ಚಿಕ್ಕವಳಿದ್ದಾಗ ಕರೀತಿದ್ದ ಹಾಗೇ ಕರೆದ್ಲು.

"ಮಾವ…"

ಆಗ ತಿರುಗಿದ.

"ಬಾ ಮಾವ. ಮನೆಗೆ ಹೋಗೋಣ."

ಬಾವಿ ಕಡೆಯಿಂದ ಶಬ್ದ ಬಂತು. ಟಪ್ ಅಲ್ಲ ಈ ಸಲ, ಅಂಟಿಸಲಿಲ್ಲ. ಕಬ್ಬಿಣದ ಮುಚ್ಚಳದ ಮೇಲೆ ಏನೋ ಹಗುರವಾದದ್ದು ಇಟ್ಟ ಹಾಗೆ, ಟಿಣ್… ಟಿಣ್… ಆಮೇಲೆ ಎಲೆ ಮೇಲೆ ಮೆತ್ತಗೆ, ಬರಿಗಾಲಲ್ಲಿ ಯಾರೋ ಓಡಿದ ಹಾಗೆ. ತೋಟದ ಒಳಗೆ. ದೂರ ದೂರ ಆಗಿ ನಿಂತೇ ಹೋಯ್ತು. ನಾನು ಮುಚ್ಚಳ ನೋಡಿದೆ. ಏನೂ ಇರಲಿಲ್ಲ.

ಮೂವರೂ ಮನೆಗೆ ಬಂದ್ವಿ. ತೃಪ್ತಿ ಹಾಲು ಬಿಸಿ ಮಾಡಿ ಅವನ ಮುಂದಿಟ್ಟಳು. ಕುಡಿದ. ಅವಳೂ ಎದುರಿಗೆ ಕೂತು ಕುಡಿದ್ಲು. ಆಮೇಲೆ ಇಬ್ಬರೂ ಮಗೂ ಬಗ್ಗೆ ಮಾತಾಡಿದ್ರು, ಬೆಳಗಿನ ಜಾವದವರೆಗೂ. ನಾನು ಒಳಗೆ ಮಲಗಿದ್ದೆ, ಎಲ್ಲ ಕೇಳಿಸಲಿಲ್ಲ. ಒಂದ್ಸಲ ಇಬ್ಬರೂ ನಕ್ಕಿದ್ದು ಕೇಳಿಸ್ತು. ಆ ಅಜ್ಜನ ಮಾತಿಗೇ ಇರ್ಬೇಕು.

ನೀವು ಅಂದ್ಕೋತಿರಬಹುದು, ಅವಳು ಹೋಗಲಿಲ್ಲ ಅಂತ. ಹೋದ್ಲು. ಬೆಳಗ್ಗೆ ಏರ್‌ಪೋರ್ಟಿಗೆ ಅಣ್ಣನೇ ಬಿಟ್ಟು ಬಂದ. ಮದುವೆ ಉಳೀಲಿಲ್ಲ. ಅದನ್ನ ಹೊತ್ತುಕೊಂಡು ಬದುಕೋದು ಇಬ್ಬರಿಂದಲೂ ಆಗ್ತಿರಲಿಲ್ಲ, ಆಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕೋರ್ಟಲ್ಲಿ ಬಿಡುಗಡೆ ಆಯ್ತು. ತೃಪ್ತಿ ಈಗ ತುಮಕೂರಲ್ಲಿ ಪಾಠ ಮಾಡ್ತಾಳೆ.

ಆದ್ರೆ ದೇವಕಿ ಅಕ್ಕನಿಗೆ ಆಪರೇಷನ್ ಆದಾಗ ಅಣ್ಣ ಊರಿಗೆ ಹೋದ. ಹೆದರ್ಕೊಂಡೇ ಹೋಗಿದ್ದ. ಸ್ಟೇಷನ್ನಿಗೆ ತೃಪ್ತಿ ಬಂದಿದ್ಲಂತೆ, ಬ್ಯಾಗ್ ಇಸ್ಕೊಂಡ್ಲಂತೆ, "ಬಾ ಮಾವ, ಅಮ್ಮ ಕಾಯ್ತಿದಾಳೆ" ಅಂದ್ಲಂತೆ. ಓಣೀಲಿ ಜನ ಇಣುಕಿ ನೋಡಿದ್ರು. ನೋಡಲಿ. ಆಸ್ಪತ್ರೇಲಿ ಅಕ್ಕ ಒಂದು ಕೈಲಿ ತಮ್ಮನ್ನ, ಒಂದು ಕೈಲಿ ಮಗಳನ್ನ ಹಿಡ್ಕೊಂಡು ಮಲಗಿದ್ಲು ಅಂತ ನಂಗೆ ಹೇಳಿದ್ದು ಅಣ್ಣನೇ. ಹೇಳ್ತಾ ಹೇಳ್ತಾ ಫೋನ್ ಇಟ್ಟುಬಿಟ್ಟ.

ಅವನು ಮೆಲಾಕಾದಲ್ಲೇ ಇದಾನೆ, ಅದೇ ಮನೇಲಿ. ಮಗು ಹೋದಾಗ ನಿಲ್ಲಿಸಿದ್ದ ರಾಜರ ಪಾಠ ಮತ್ತೆ ಮಾಡ್ತಾನೆ. ಬೋರ್ಡ್ ಮೇಲೆ ಈಗ ಲಿಯೊನೋರ್ ಹೆಸರು ಮೊದಲು ಬರೀತಾನಂತೆ. ರಾತ್ರಿ ಬಾವಿ ಹತ್ರಾನೂ ಹೋಗ್ತಾನೆ. ತುಳಸಿಯಮ್ಮ ಬೈದು ಬೈದು ಸುಮ್ಮನಾಗಿದಾರೆ. ಕೂತ್ಕೋತಾನೆ, ಕತೆ ಹೇಳ್ತಾನೆ, ನಿಲ್ಲಿಸಿ ಕಾಯ್ತಾನೆ… ಏನೂ ಕೇಳಿಸಲ್ಲವಂತೆ. ಆ ರಾತ್ರಿ ಆದ್ಮೇಲೆ ಒಂದು ಸಲವೂ ಇಲ್ಲ. ಜೀರುಂಡೆ ಕೂಡ ನಿಲ್ಲಲ್ಲವಂತೆ. ಅವತ್ತು ಗೊತ್ತಿಲ್ಲ ಅನ್ನಬಾರದಿತ್ತು, ಏನಾದ್ರೂ ಹೇಳಿದ್ರೆ ಇನ್ನೊಂದು ಪ್ರಶ್ನೆ ಕೇಳೋಳು, ಅಂತಾನೆ.

ಇದಿಷ್ಟೂ ನೀವು ಬೇಕಾದ್ರೆ ಬಿಟ್ಟುಬಿಡಿ. ದುಃಖದಲ್ಲಿದ್ದವರಿಗೆ ಏನೇನೋ ಕೇಳಿಸತ್ತೆ ಅನ್ನಿ, ನಂಗೂ ಹಾಗೇ ಕೇಳಿಸ್ತು ಅನ್ನಿ, ನಾನು ಜಗಳ ಆಡಲ್ಲ. ಇನ್ನೊಂದು ಇದೆ, ಅದನ್ನ ಅಣ್ಣನಿಗೂ ತೃಪ್ತಿಗೂ ನಾನು ಹೇಳಿಲ್ಲ.

ಆ ರಾತ್ರಿ ಬಾವಿ ಹತ್ರದಿಂದ ಬಂದವರು ಚಪ್ಪಲಿ ಗ್ರಿಲ್ ಒಳಗೆ ಜಗಲೀಲಿ ಎಲ್ಲೆಲ್ಲೋ ಒದ್ದು ಒಳಗೆ ಹೋಗಿದ್ವಿ. ಗ್ರಿಲ್ ಎಳೆದು ಒಳಗಿಂದ ಬೀಗ ಹಾಕಿದ್ದು ನಾನು. ಬೀಗದ ಕೈ ದಿಂಬಿನ ಕೆಳಗಿತ್ತು. ಬೆಳಕು ಹರಿಯೋ ಹೊತ್ತಿಗೆ ಅವರಿಬ್ಬರೂ ಸೋಫಾದಲ್ಲೇ ಕೂತಲ್ಲೇ ನಿದ್ದೆ ಹೋಗಿದ್ರು. ನಾನು ಹಾಲು ತರೋಣ ಅಂತ ಬಾಗಿಲು ತೆಗೆದೆ.

ಚಪ್ಪಲಿ ಸಾಲಾಗಿ ಇಟ್ಟಿತ್ತು. ತುದಿ ಹೊರಗಡೆಗೆ ಮಾಡಿ, ಹೋಗುವಾಗ ಕಾಲಿಗೆ ಸಲೀಸಾಗೋ ಹಾಗೆ. ಒಂದು ಕೊನೇಲಿ ನನ್ನದು. ಆಮೇಲೆ ತೃಪ್ತಿದು, ಆಮೇಲೆ ಅಣ್ಣಂದು. ಅವರಿಬ್ಬರ ಚಪ್ಪಲಿ ನಡುವೆ ಮಾತ್ರ ಸ್ವಲ್ಪ ಜಾಗ ಬಿಟ್ಟಿತ್ತು, ಒಂದು ಸಣ್ಣ ಜೊತೆ ಹಿಡಿಸೋಷ್ಟು. ನಾನು ಅದನ್ನ ಹಾಗೇ ಬಿಟ್ಟು, ನನ್ನದನ್ನ ಮೆಟ್ಕೊಂಡು ಹಾಲಿಗೆ ಹೋದೆ… ಮೆಟ್ಕೊಂಡಿದ್ದು ನಾನೇ, ಈ ಕಾಲಲ್ಲೇ.